ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಮಿಣುಕುತ್ತದೆಯೆ? ಬಲ್ಬ್ ಬಿಡಿ, ಅರ್ತ್ ಅಳೆಯಿರಿ

ಪ್ರಶ್ನೆ: ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ. ಒಂಬತ್ತು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ. ಈ ಸಲ ಮಳೆ ಹಿಡಿದ ಮೇಲೆ ಎಡಗಡೆ ಹಿಂದಿನ ಇಂಡಿಕೇಟರ್ ಮಂಕಾಗಿದೆ, ಅದನ್ನು ಹಾಕಿದಾಗ ಅದೇ ಕಡೆಯ ಪಾರ್ಕಿಂಗ್ ಲೈಟೂ ಮಿಣುಕುತ್ತದೆ. ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪ ಸಣ್ಣಗೆ ಉರಿಯುತ್ತದೆ. ಬಲ್ಬ್ ಎರಡು ಸಲ ಬದಲಾಯಿಸಿ ಆಯಿತು. ಡಿಕ್ಕಿ ಮುಚ್ಚುವಾಗ ಪಾರ್ಕಿಂಗ್ ಲೈಟಿನ ಫ್ಯೂಸ್ ಆಗಾಗ ಹೋಗುತ್ತಿತ್ತು. ಗ್ಯಾರೇಜಿನವರು 10 ಆಂಪಿಯರಿನದು ತೆಗೆದು 20ರದು ಹಾಕಿಕೊಟ್ಟಿದ್ದಾರೆ. ಬಲಗಡೆ ಹೆಡ್‌ಲೈಟ್ ಎಡದಷ್ಟು ಬೆಳಕು ಕೊಡುತ್ತಿಲ್ಲ. ಕೆಲಸಕ್ಕಾಗಿ ಸಂಪಾಜೆ ಘಾಟಿಯಲ್ಲಿ ರಾತ್ರಿ ಮಂಜಿನಲ್ಲೂ ಓಡಿಸಬೇಕಾಗುತ್ತದೆ. ಪೂರ್ತಿ ವೈರಿಂಗ್ ಬದಲಾಯಿಸಿ ಎನ್ನುತ್ತಿದ್ದಾರೆ. ಬೇಕೆ?

ಉತ್ತರ: ಬೇಡ. ನೀವು ಬರೆದಿರುವುದರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೋಷಗಳಿವೆ, ಮೂರೂ ಸಣ್ಣವು. ಎಡ ಹಿಂದಿನ ಲ್ಯಾಂಪಿಗೆ ಅರ್ತ್, ಅಂದರೆ ಕರೆಂಟು ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ, ಸರಿಯಾಗಿ ಸಿಗುತ್ತಿಲ್ಲ. ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ಯಾವುದೋ ವೈರಿನ ಪ್ಲಾಸ್ಟಿಕ್ ಒಡೆದು ಬಾಡಿಗೆ ತಾಗುತ್ತಿದೆ. ಬಲ ಹೆಡ್‌ಲೈಟಿಗೆ ಹೋಗಬೇಕಾದ ವೋಲ್ಟೇಜ್ ದಾರಿಯಲ್ಲೇ ಉಳಿದುಬಿಡುತ್ತಿದೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, 21 ವಾಟಿನ ಒಂದು ಬಲ್ಬು, ನಾಲ್ಕೈದು ಮೀಟರ್ ವೈರ್ ಇದ್ದರೆ ಮನೆಯಂಗಳದಲ್ಲೇ ಮೂರನ್ನೂ ಹಿಡಿಯಬಹುದು.

ಎಲ್ಲಕ್ಕಿಂತ ಮೊದಲು ಆ 20 ಆಂಪಿಯರ್ ಫ್ಯೂಸ್ ಕಿತ್ತು ಹಾಕಿ. ಇಂದೇ. ಫ್ಯೂಸ್ ಇರುವುದು ಬಲ್ಬನ್ನು ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. ನಾಲ್ಕು ಮೂಲೆಯ ಪಾರ್ಕಿಂಗ್ ಬಲ್ಬು ತಲಾ 5 ವಾಟ್, ನಂಬರ್ ಪ್ಲೇಟಿನದು 5, ಡ್ಯಾಶ್‌ಬೋರ್ಡಿನದು ಇನ್ನಷ್ಟು ಎಂದು ಸೇರಿಸಿದರೂ 30 ವಾಟಿನ ಆಸುಪಾಸು, ಅಂದರೆ ಎರಡೂವರೆ ಆಂಪಿಯರ್. ಅದಕ್ಕೆ 10 ಆಂಪಿಯರೇ ಧಾರಾಳ. ಆ ಸರ್ಕೀಟಿನ ವೈರುಗಳು ತೀರಾ ಸಪೂರ. ಶಾರ್ಟ್ ಆದಾಗ 20 ಆಂಪಿಯರಿನ ಫ್ಯೂಸ್ ಉರಿದುಹೋಗುವ ಮೊದಲು ವೈರೇ ಕಾದು ಕರಗಬಹುದು, ಅದೂ ಸೀಟಿನ ಬದಿಯ ಕಾರ್ಪೆಟ್ಟಿನಡಿ. ಬ್ಲೇಡ್ ಫ್ಯೂಸಿನಲ್ಲಿ 10 ಕೆಂಪು, 15 ನೀಲಿ, 20 ಹಳದಿ. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗಡೆ ಯಾವ ಜಾಗಕ್ಕೆ ಎಷ್ಟು ಎಂದು ಅಚ್ಚಾಗಿರುತ್ತದೆ, ಅದಕ್ಕಿಂತ ಒಂದು ಆಂಪಿಯರೂ ಹೆಚ್ಚು ಬೇಡ. ಹೋದ ಹಳೆಯ ಫ್ಯೂಸ್ ಇದ್ದರೆ ಬೆಳಕಿಗೆ ಹಿಡಿದು ನೋಡಿ. ಒಳಗಿನ ತಗಡು ಸಿಡಿದು ಪ್ಲಾಸ್ಟಿಕ್ಕಿನ ಮೇಲೆ ಕಪ್ಪು ಅಥವಾ ಬೆಳ್ಳಿಯಂಥ ಕಲೆ ಬಿದ್ದಿದ್ದರೆ ನೇರ ಶಾರ್ಟ್. ಕಾಲಿನ ಬಳಿ ಪ್ಲಾಸ್ಟಿಕ್ ಕರಗಿದ್ದರೆ ಫ್ಯೂಸ್ ಕೂರುವ ಕ್ಲಿಪ್ಪು ಸಡಿಲವಾಗಿ ಕಾದಿದೆ ಎಂದು ಅರ್ಥ.

ಈಗ ಎಡ ಹಿಂದಿನ ಲ್ಯಾಂಪು. ಆ ಗೂಡಿನಲ್ಲಿ ಪಾರ್ಕಿಂಗ್‌ಗೆ 5 ವಾಟಿನ ಫಿಲಮೆಂಟ್, ಬ್ರೇಕಿಗೆ 21 ವಾಟಿನದು, ಇಂಡಿಕೇಟರಿಗೆ ಇನ್ನೊಂದು 21 ವಾಟಿನ ಬಲ್ಬು ಇವೆ. ಒಬ್ಬೊಬ್ಬರಿಗೂ ಕರೆಂಟ್ ತರುವ ವೈರ್ ಬೇರೆ, ವಾಪಸ್ ಹೋಗುವ ಅರ್ತ್ ವೈರ್ ಮಾತ್ರ ಎಲ್ಲರಿಗೂ ಒಂದೇ. ಆ ಒಂದು ದಾರಿ ಕಟ್ಟಿದರೆ ಇಂಡಿಕೇಟರಿನ ಕರೆಂಟು ಸುಮ್ಮನೆ ಕೂರುವುದಿಲ್ಲ. ಪಕ್ಕದ 5 ವಾಟಿನ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ನುಗ್ಗಿ, ಪಾರ್ಕಿಂಗ್ ಲೈಟಿನ ವೈರ್ ಹಿಡಿದು ಹೋಗಿ, ಬಲಗಡೆಯ ಬಲ್ಬು, ನಂಬರ್ ಪ್ಲೇಟಿನ ಬಲ್ಬು, ಡ್ಯಾಶ್‌ಬೋರ್ಡಿನ ದೀಪಗಳ ಮೂಲಕ ಅರ್ತ್ ಸೇರುತ್ತದೆ. ಹಾಗಾಗಿಯೇ ಪಾರ್ಕಿಂಗ್ ಲೈಟ್ ಮಿಣುಕುವುದು, ಬ್ರೇಕ್ ಒತ್ತಿದಾಗ ಡ್ಯಾಶ್‌ಬೋರ್ಡ್ ಬೆಳಗುವುದು. ಎರಡು ಬೇರೆ ರೋಗದಂತೆ ಕಂಡರೂ ಕಾರಣ ಒಂದೇ.

ಒಂದು ಪರೀಕ್ಷೆ ಕಣ್ಣಿನಲ್ಲೇ ಆಗುತ್ತದೆ. ಪಾರ್ಕಿಂಗ್ ಲೈಟ್ ಹಾಕಿ, ಎಡ ಇಂಡಿಕೇಟರೂ ಹಾಕಿ, ಹಿಂದೆ ಹೋಗಿ ನಿಲ್ಲಿ. ಅರ್ತ್ ಪೂರ್ತಿ ಕಡಿದಿದ್ದರೆ ಪಾರ್ಕಿಂಗ್ ಲೈಟು ಉಲ್ಟಾ ಮಿಣುಕುತ್ತದೆ: ಮುಂದಿನ ಇಂಡಿಕೇಟರ್ ಹತ್ತಿದಾಗ ಇದು ಆರುತ್ತದೆ, ಅದು ಆರಿದಾಗ ಇದು ಹತ್ತುತ್ತದೆ. ಇಂಡಿಕೇಟರಿಗೂ ಪಾರ್ಕಿಂಗಿಗೂ ಒಟ್ಟಿಗೆ 12 ವೋಲ್ಟ್ ಬಂದಾಗ ಫಿಲಮೆಂಟಿನ ಎರಡೂ ತುದಿಯಲ್ಲಿ ಒಂದೇ ಒತ್ತಡ, ಕರೆಂಟು ಹರಿಯಲು ಕಾರಣವೇ ಇಲ್ಲ. ಈ ಉಲ್ಟಾ ಮಿಣುಕು ಕಂಡರೆ ಮುಕ್ಕಾಲು ಪಾಲು ತೀರ್ಮಾನವಾದಂತೆ.

ಆದರೂ ಬಲ್ಬನ್ನು ಒಂದು ಸಲ ತೆಗೆದು ನೋಡಿ, ಏಕೆಂದರೆ ಎರಡು ಸಲ ಬದಲಾಯಿಸಿದವರು ಯಾವುದನ್ನು ಹಾಕಿದ್ದಾರೆ ಎಂಬುದು ಗೊತ್ತಿಲ್ಲ. ಬ್ರೇಕ್ ಮತ್ತು ಪಾರ್ಕಿಂಗ್ ಒಟ್ಟಿಗೆ ಇರುವ ಬಲ್ಬಿನ ತಳದಲ್ಲಿ ಎರಡು ಸೀಸದ ಚುಕ್ಕೆ ಇರಬೇಕು, ಪಕ್ಕದ ಎರಡು ಪಿನ್ನುಗಳು ಬೇರೆ ಬೇರೆ ಎತ್ತರದಲ್ಲಿರಬೇಕು. ಮೇಲೆ 21/5 ಎಂದು ಬರೆದಿರುತ್ತದೆ. ಒಂದೇ ಚುಕ್ಕೆಯ ಬಲ್ಬನ್ನು ತುರುಕಿದ್ದರೆ ಅದು ಹೋಲ್ಡರಿನ ಎರಡೂ ಸ್ಪ್ರಿಂಗನ್ನು ಒಂದು ಮಾಡಿ, ಬ್ರೇಕ್ ಒತ್ತಿದಾಗಲೆಲ್ಲ ಪಾರ್ಕಿಂಗ್ ಸಾಲಿಗೇ ಕರೆಂಟು ಕೊಡುತ್ತದೆ. ಸರಿಯಾದ ಬಲ್ಬನ್ನೇ ತಿರುಗಿಸಿ ಬಲವಂತವಾಗಿ ಕೂರಿಸಿದ್ದರೆ ಪಾರ್ಕಿಂಗ್ ಹಾಕಿದಾಗಲೇ ಜೋರಾಗಿ ಉರಿದು, ಬ್ರೇಕ್ ಒತ್ತಿದರೂ ಬೆಳಕು ಹೆಚ್ಚಾದಂತೆ ಕಾಣುವುದಿಲ್ಲ. ಘಾಟಿ ಇಳಿಯುವಾಗ ಹಿಂದಿನವನಿಗೆ ನೀವು ಬ್ರೇಕ್ ಹಾಕಿದ್ದೇ ತಿಳಿಯದು. ಹೋಲ್ಡರಿನ ಸ್ಪ್ರಿಂಗುಗಳಲ್ಲಿ ಹಸಿರು ಕಿಲುಬು ಹಿಡಿದಿದೆಯೇ, ಒತ್ತಿದರೆ ಮತ್ತೆ ಮೇಲೆ ಬರುತ್ತವೆಯೇ ಎಂದೂ ನೋಡಿ.

ಇನ್ನು ಅಳತೆ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಉದ್ದ ವೈರ್ ಜೋಡಿಸಿ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೇ ಕಟ್ಟಿ, ಬಾಡಿಗೆ ಬೇಡ. ಪಾರ್ಕಿಂಗ್ ಹಾಕಿ, ಹಜಾರ್ಡ್ (ಎಲ್ಲ ಇಂಡಿಕೇಟರುಗಳೂ ಒಟ್ಟಿಗೆ ಮಿಣುಕುವ ಸ್ವಿಚ್ಚು) ಹಾಕಿ, ಬ್ರೇಕ್ ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಸಿಕ್ಕಿಸಿ. ಬಲ್ಬುಗಳೆಲ್ಲ ಹೋಲ್ಡರಿನಲ್ಲೇ ಇರಲಿ. ಕೆಂಪು ಕಡ್ಡಿಯನ್ನು ಹೋಲ್ಡರಿನ ಅರ್ತ್ ಪಟ್ಟಿಗೆ ಮುಟ್ಟಿಸಿ. ಅರ್ತ್ ಆರೋಗ್ಯವಾಗಿದ್ದರೆ 0.1 ವೋಲ್ಟ್, ಹೆಚ್ಚೆಂದರೆ 0.2 ತೋರಿಸಬೇಕು. ಅದೇ 2, 3 ವೋಲ್ಟ್ ಬಂದರೆ ಅಷ್ಟು ವೋಲ್ಟೇಜ್ ಬಲ್ಬಿಗೆ ಸಿಗದೆ ವಾಪಸ್ ದಾರಿಯಲ್ಲಿ ಹಾಳಾಗುತ್ತಿದೆ. ಇಂಡಿಕೇಟರಿನ ತಾಳಕ್ಕೆ ಅಂಕಿ ಕುಣಿಯುತ್ತದೆ, ಹತ್ತಿದ ಕ್ಷಣದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಈಗ ಕೆಂಪು ಕಡ್ಡಿಯನ್ನು ಅರ್ತ್ ವೈರಿನ ಗುಂಟ ಒಂದೊಂದೇ ಹೆಜ್ಜೆ ಸರಿಸಿ: ಹೋಲ್ಡರಿನ ಪಟ್ಟಿ, ಕಪ್ಲರಿನ (ವೈರುಗಳನ್ನು ಬಿಚ್ಚಿ ಸೇರಿಸುವ ಪ್ಲಗ್ಗು) ಈಚೆ, ಕಪ್ಲರಿನ ಆಚೆ, ವೈರ್ ತುದಿಯ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ), ಲಗ್ ಹಿಡಿದಿರುವ ಬೋಲ್ಟು, ಕೊನೆಗೆ ಬೋಲ್ಟಿನ ಪಕ್ಕದ ಬರಿಯ ತಗಡು. ಲಗ್ಗಿನಲ್ಲಿ 3 ವೋಲ್ಟ್ ಇದ್ದು ತಗಡಿನಲ್ಲಿ 0.05ಕ್ಕೆ ಇಳಿದರೆ ದೋಷ ಆ ಎರಡರ ನಡುವೆಯೇ. ಎಲ್ಲಿ ಅಂಕಿ ಬೀಳುತ್ತದೋ ಅಲ್ಲೇ ರೋಗ, ಊಹೆಗೆ ಜಾಗವಿಲ್ಲ.

ಬಹಳ ಜನ ಇದನ್ನು ಬಿಟ್ಟು ಮೀಟರನ್ನು ಬೀಪ್‌ಗೆ ಇಟ್ಟು ಕಂಟಿನ್ಯೂಟಿ, ಅಂದರೆ ವೈರ್ ಎಲ್ಲೂ ಕಡಿಯದೆ ಇದೆಯೇ ಎಂದು, ನೋಡುತ್ತಾರೆ, ಬೀಪ್ ಬಂದರೆ ಅರ್ತ್ ಸರಿ ಎನ್ನುತ್ತಾರೆ. ನಿಮ್ಮ ಎರಡು ಬಲ್ಬಿನ ದುಡ್ಡು ಹೋದದ್ದು ಬಹುಶಃ ಹೀಗೆಯೇ. ಬೀಪ್ ಕೊಡಲು ಮೀಟರು ಕಳಿಸುವುದು ಒಂದು ಮಿಲಿಆಂಪಿಯರಿನಷ್ಟು ಕರೆಂಟು. ವೈರಿನ ಎಳೆಗಳೆಲ್ಲ ಕಡಿದು ಒಂದೇ ಒಂದು ಉಳಿದಿದ್ದರೂ ಅದು ದಾಟಿ ಹೋಗುತ್ತದೆ. ಬ್ರೇಕ್ ಬಲ್ಬಿಗೆ ಬೇಕಾದದ್ದು 1.75 ಆಂಪಿಯರ್. ತುಕ್ಕು ಹಿಡಿದ ಬೋಲ್ಟಿನಲ್ಲಿ ಒಂದು ಓಮ್ ಪ್ರತಿರೋಧ ಇದೆ ಎಂದುಕೊಳ್ಳಿ. ಬ್ರೇಕ್ ಬಲ್ಬೊಂದೇ ಉರಿಯುವಾಗ ಅಲ್ಲಿ ಸುಮಾರು ಒಂದೂವರೆ ವೋಲ್ಟ್ ಹೋಗುತ್ತದೆ, ಬೆಳಕು ಮೂರನೇ ಒಂದರಷ್ಟು ಕಡಿಮೆಯಾದರೂ ಇನ್ನೊಂದು ಕಡೆಯದಕ್ಕೆ ಹೋಲಿಸಿ ನೋಡದಿದ್ದರೆ ಸುಲಭವಾಗಿ ಕಣ್ಣಿಗೆ ಬೀಳದು. ಬ್ರೇಕ್, ಇಂಡಿಕೇಟರ್, ಪಾರ್ಕಿಂಗ್ ಮೂರೂ ಸೇರಿ 47 ವಾಟ್ ಆದಾಗ ಅದೇ ಒಂದು ಓಮ್ ಮೂರು ವೋಲ್ಟಿನಷ್ಟು ನುಂಗುತ್ತದೆ. ಹಗಲು ಸರಿಯಿದ್ದದ್ದು ರಾತ್ರಿ ತಿರುವಿನಲ್ಲಿ ಕೈಕೊಡುವುದರ ಗುಟ್ಟು ಇದು. ಅಳೆಯುವುದಾದರೆ ಭಾರ ಹೊರಿಸಿಯೇ ಅಳೆಯಬೇಕು.

ಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಬ್ಯಾಟರಿ ಮೈನಸ್ಸಿನಿಂದ ಒಂದು ಉದ್ದ ವೈರ್ ತಂದು ಹೋಲ್ಡರಿನ ಅರ್ತಿಗೆ ಹಿಡಿಯಿರಿ. ಲ್ಯಾಂಪುಗಳೆಲ್ಲ ತಟ್ಟನೆ ಸರಿಯಾದರೆ ಉತ್ತರ ಸಿಕ್ಕಿತು. ಈ ತಂತ್ರ ಮೈನಸ್ ಕಡೆಗೆ ಮಾತ್ರ. ಪ್ಲಸ್ಸಿನಿಂದ ಫ್ಯೂಸಿಲ್ಲದ ವೈರ್ ಎಳೆಯಬೇಡಿ. ಹಳದಿ ಸ್ಲೀವ್ ಅಥವಾ ಹಳದಿ ಕಪ್ಲರ್ ಕಂಡಲ್ಲಿ ಏರ್‌ಬ್ಯಾಗಿನ ವೈರ್ ಇರುತ್ತದೆ, ಅಲ್ಲಿಗೆ ಮೀಟರೂ ಬೇಡ, ಟೆಸ್ಟ್ ಲ್ಯಾಂಪೂ ಬೇಡ.

ರಿಪೇರಿಗೆ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ಅರ್ತ್ ಬೋಲ್ಟ್ ತೆಗೆದು, ಲಗ್ಗಿನ ಎರಡೂ ಮುಖವನ್ನೂ ಅದು ಕೂರುವ ತಗಡನ್ನೂ ಎಮರಿ ಪೇಪರಿನಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿ. ಬಣ್ಣದ ಮೇಲೆ ಬೋಲ್ಟ್ ಬಿಗಿದರೆ ಪ್ರಯೋಜನವಿಲ್ಲ. ಹಲ್ಲಿನ ವಾಷರ್ ಹಾಕಿ ಬಿಗಿಯಿರಿ, ಬಿಗಿದ ನಂತರ ಮೇಲಿನಿಂದ ವ್ಯಾಸಲಿನ್ ಅಥವಾ ಗ್ರೀಸ್ ಬಳಿಯಿರಿ. ಲಗ್ಗಿನ ಬಳಿ ವೈರನ್ನು ಸ್ವಲ್ಪ ಸುಲಿದು ನೋಡುವುದನ್ನು ಮರೆಯಬೇಡಿ. ತಾಮ್ರ ಕಪ್ಪಾಗಿದ್ದರೆ ನೀರು ಪ್ಲಾಸ್ಟಿಕ್ಕಿನ ಒಳಗೆ ಎಳೆಗಳ ಗುಂಟ ಏರಿದೆ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಲಗ್ ಒತ್ತಿಸಿ. ಕಪ್ಪು ತಾಮ್ರಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ. ಬೋಲ್ಟಿನ ಜಾಗವೇ ತುಕ್ಕು ತಿಂದು ತೂತಾಗಿದ್ದರೆ ಹೋಲ್ಡರಿನಿಂದ 1.5 ಸ್ಕ್ವೇರ್ ಎಂಎಂನ ಹೊಸ ಅರ್ತ್ ವೈರ್ ಎಳೆದು ಗಟ್ಟಿ ತಗಡಿರುವ ಬೇರೆ ಬೋಲ್ಟಿಗೆ ಕೊಡಿ. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಇದಕ್ಕೆ ಬಳಸಬೇಡಿ.

ಇನ್ನು ಡಿಕ್ಕಿ ಮುಚ್ಚುವಾಗ ಹೋಗುವ ಫ್ಯೂಸು. ಹ್ಯಾಚ್‌ಬ್ಯಾಕಿನ ಹಿಂಬಾಗಿಲಿಗೂ ಛಾವಣಿಗೂ ನಡುವೆ ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಇರುತ್ತದೆ. ನಂಬರ್ ಪ್ಲೇಟ್ ಲೈಟ್, ಮೇಲಿನ ಬ್ರೇಕ್ ಲೈಟ್, ಹಿಂದಿನ ವೈಪರ್, ಗಾಜಿನ ಮಂಜು ಬಿಡಿಸುವ ಡಿಫಾಗರ್ ವೈರೆಲ್ಲ ಅದರೊಳಗೇ ಹಾದುಹೋಗುತ್ತದೆ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಅಲ್ಲಿ ವೈರ್ ಮಡಚುತ್ತದೆ. ಒಂಬತ್ತು ವರ್ಷದಲ್ಲಿ ಪ್ಲಾಸ್ಟಿಕ್ ಗಡುಸಾಗಿ ಬಿರಿಯುವುದು ಆಶ್ಚರ್ಯವಲ್ಲ. ರಬ್ಬರನ್ನು ಎರಡೂ ತುದಿಯಿಂದ ಕಿತ್ತು ಸರಿಸಿದರೆ ಒಡೆದ ವೈರ್ ಹೆಚ್ಚಾಗಿ ಕಣ್ಣಿಗೇ ಕಾಣುತ್ತದೆ.

ಕಾಣದಿದ್ದರೆ ಫ್ಯೂಸ್ ಮೇಲೆ ಫ್ಯೂಸ್ ಸುಡಬೇಡಿ. ಆ ಸರ್ಕೀಟಿನ ಪಾರ್ಕಿಂಗ್ ಮತ್ತು ನಂಬರ್ ಪ್ಲೇಟ್ ಬಲ್ಬುಗಳನ್ನೆಲ್ಲ ಬಿಚ್ಚಿಡಿ. ಫ್ಯೂಸ್ ತೆಗೆದು ಆ ಎರಡು ಕಾಲಿನ ಜಾಗಕ್ಕೆ 21 ವಾಟಿನ ಬಲ್ಬನ್ನು ವೈರ್ ಮೂಲಕ ಸಿಕ್ಕಿಸಿ ಪಾರ್ಕಿಂಗ್ ಸ್ವಿಚ್ ಹಾಕಿ. ಶಾರ್ಟ್ ಇಲ್ಲದಾಗ ಬಲ್ಬು ಆರಿರುತ್ತದೆ, ಅಥವಾ ಡ್ಯಾಶ್‌ಬೋರ್ಡಿನ ದೀಪಗಳ ದೆಸೆಯಿಂದ ತೀರಾ ಮಂಕಾಗಿ ಕೆಂಪಡರುತ್ತದೆ. ಈಗ ಡಿಕ್ಕಿ ಎತ್ತಿ ಇಳಿಸಿ, ರಬ್ಬರ್ ಹಿಸುಕಿ, ಹಿಂದಿನ ಟ್ರಿಮ್ ಒಳಗೆ ವೈರಿನ ಕಟ್ಟನ್ನು ಅಲ್ಲಾಡಿಸಿ. ಯಾವ ಜಾಗ ಮುಟ್ಟಿದಾಗ ಬಲ್ಬು ಭಗ್ಗನೆ ಪೂರ್ತಿ ಬೆಳಕಿಗೆ ಬರುತ್ತದೋ ಶಾರ್ಟ್ ಅಲ್ಲಿದೆ. ಬಲ್ಬೇ ಕರೆಂಟನ್ನು ಒಂದೂಮುಕ್ಕಾಲು ಆಂಪಿಯರಿಗೆ ತಡೆದು ಹಿಡಿಯುವುದರಿಂದ ಏನೂ ಸುಡುವುದಿಲ್ಲ, ನಿಧಾನವಾಗಿ ಹುಡುಕಬಹುದು. ರಿವರ್ಸ್ ಕ್ಯಾಮೆರಾ, ಎಲ್‌ಇಡಿ ಪಟ್ಟಿ ಎಂದು ಆಮೇಲೆ ಹಾಕಿಸಿದ್ದೇನಾದರೂ ಇದ್ದರೆ ಅದರ ಟೇಪ್ ಸುತ್ತಿದ ಜೋಡಣೆಯನ್ನೇ ಮೊದಲು ಶಂಕಿಸಿ.

ಒಡೆದ ವೈರ್ ಜೋಡಿಸುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ: ಮಡಚುವ ಜಾಗದಲ್ಲೇ ಬೆಸುಗೆ ಹಾಕಿ ಟೇಪ್ ಸುತ್ತುತ್ತಾರೆ. ಬೆಸುಗೆ ಗಟ್ಟಿ, ಅದರ ಅಂಚಿನಲ್ಲಿ ಕೆಲವು ತಿಂಗಳಲ್ಲೇ ಮತ್ತೆ ಕಡಿಯುತ್ತದೆ. ರಬ್ಬರಿನ ಒಳಗೆ ಸಣ್ಣ ಎಳೆಗಳ ಮೆದು ವೈರನ್ನು ಇಡೀ ತುಂಡಾಗಿ ಹಾಯಿಸಿ, ಜೋಡಣೆ ಎರಡೂ ಕಡೆ ರಬ್ಬರಿನಿಂದ ಹೊರಗೆ ಬರಲಿ. ನಾಲ್ಕೈದು ವೈರಿದ್ದರೆ ಎಲ್ಲ ಜೋಡಣೆಯೂ ಒಂದೇ ಜಾಗದಲ್ಲಿ ಗುಂಪಾಗದಂತೆ ಹಿಂದೆ ಮುಂದೆ ಮಾಡಿ. ಒಳಗಡೆ ಅಂಟು ಸವರಿರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಸಿಗುತ್ತದೆ, ನಮ್ಮ ಮಳೆಗೆ ಅದೇ ಬೇಕು. ಬರೀ ಟೇಪು ಒಂದು ಕಕ್ಕಡವನ್ನೂ (ಕೊಡಗಿನ ಜೋರು ಮಳೆಯ ತಿಂಗಳು) ದಾಟುವುದಿಲ್ಲ.

ಬಲ ಹೆಡ್‌ಲೈಟಿಗೆ ಬರೋಣ. ಮೊದಲು ಎಡ ಬಲದ ಬಲ್ಬುಗಳನ್ನು ಅದಲು ಬದಲು ಮಾಡಿ. ಗಾಜನ್ನು ಬೆರಳಲ್ಲಿ ಮುಟ್ಟಬೇಡಿ, ಕೈಯ ಜಿಡ್ಡು ಅಂಟಿದ ಕಡೆ ಹ್ಯಾಲೊಜೆನ್ ಬಲ್ಬು ವಿಪರೀತ ಕಾದು ಬೇಗ ಹೋಗುತ್ತದೆ. ಮಂಕು ಎಡಕ್ಕೆ ಹೋದರೆ ಬಲ್ಬಿನದೇ ತಪ್ಪು. ಹೋಗದಿದ್ದರೆ ಕಪ್ಲರ್ ಕಿತ್ತು ನೋಡಿ. ನಿಮ್ಮದು ಹೈ, ಲೋ ಎರಡೂ ಬೀಮ್ ಒಂದರಲ್ಲೇ ಇರುವ ಮೂರು ಕಾಲಿನ ಎಚ್4 ಬಲ್ಬು ಆಗಿದ್ದರೆ, ಒಂದು ಕಾಲಿನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ ಅಥವಾ ಕರಗಿದ್ದರೆ ಅಲ್ಲಿ ಸಡಿಲ ಹಿಡಿತದಿಂದ ಬಿಸಿ ಹುಟ್ಟಿದೆ. ಕಪ್ಲರನ್ನು ಶಾಖ ತಡೆಯುವ ಸೆರಾಮಿಕ್ ಮಾದರಿಗೆ ಬದಲಾಯಿಸಿ, ಗಟ್ಟಿಯಾದ ವೈರ್ ತುದಿಯನ್ನು ಕತ್ತರಿಸಿಯೇ ಜೋಡಿಸಿ. ಅದೂ ಅಲ್ಲವಾದರೆ ಎಂಜಿನ್ ಓಡುತ್ತಿರುವಾಗ ಲೋ ಬೀಮ್ ಹಾಕಿ ಎರಡು ಅಳತೆ ತೆಗೆಯಿರಿ. ಬ್ಯಾಟರಿ ಪ್ಲಸ್ಸಿನಿಂದ ಬಲ್ಬಿನ ಪ್ಲಸ್ ಕಾಲಿಗೆ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು, ಅರ್ತ್ ಕಡೆ 0.2 ಮೀರಬಾರದು. ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಒಂದು ಎಚ್ಚರ: ಕೆಲವು ಜಪಾನೀ ವಿನ್ಯಾಸದ ಕಾರುಗಳಲ್ಲಿ ಹೆಡ್‌ಲೈಟಿನ ಪ್ಲಸ್ ನೇರವಾಗಿ ಬಂದಿರುತ್ತದೆ, ಸ್ಟೀರಿಂಗ್ ಬಳಿಯ ಸ್ವಿಚ್ಚು ಅರ್ತನ್ನು ಕೊಟ್ಟು ಕಡಿಯುತ್ತದೆ. ಅಂಥದ್ದರಲ್ಲಿ ಲೈಟ್ ಆಫ್ ಇರುವಾಗ ಮೂರೂ ಕಾಲಿನಲ್ಲಿ 12 ವೋಲ್ಟ್ ಸಿಕ್ಕರೆ ಗಾಬರಿಯಾಗಬೇಕಿಲ್ಲ, 0.2ರ ಮಿತಿಗೂ ಸ್ವಿಚ್ಚಿನ ಪಾಲು ಸ್ವಲ್ಪ ಸೇರಿಸಿಕೊಳ್ಳಿ. ಎಡ ಲೈಟ್ ಚೆನ್ನಾಗಿರುವುದರಿಂದ ಸ್ವಿಚ್ಚು ಬದಲಾಯಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಎರಡಕ್ಕೂ ಸ್ವಿಚ್ಚು ಒಂದೇ.

ಬೆಳಕು ಸಾಲದೆಂದು 100/90 ವಾಟಿನ ಬಲ್ಬು ಹಾಕಿಸುವ ಆಸೆಯೂ ಬೇಡ. 60/55 ವಾಟಿನದು 5 ಆಂಪಿಯರ್ ಎಳೆಯುವಲ್ಲಿ ಅದು 8ರಷ್ಟು ಎಳೆಯುತ್ತದೆ. ಮೊದಲು ಕಪ್ಲರ್ ಕರಗುತ್ತದೆ, ಆಮೇಲೆ ಸ್ವಿಚ್ಚಿನ ಕಾಂಟ್ಯಾಕ್ಟ್. ಎದುರಿನ ಬಸ್ಸಿನ ಡ್ರೈವರಿಗೂ ಕಣ್ಣು ಕುಕ್ಕುತ್ತದೆ, ಮಂಜಿನಲ್ಲಿ ನಿಮಗೇ ಬಿಳಿ ಗೋಡೆ ಎದ್ದು ನಿಲ್ಲುತ್ತದೆ.

ಮುಂದೆ ಬೇರೆ ತೊಂದರೆ ಬಂದಾಗಲೂ ಒಂದು ಕಡೆ ಮಾತ್ರ ಹೋಗಿದೆಯೋ ಎರಡೂ ಕಡೆಯೋ ಎಂದು ನೋಡಿಕೊಂಡರೆ ಅರ್ಧ ಹುಡುಕಾಟ ತಪ್ಪುತ್ತದೆ. ಮೂರೂ ಬ್ರೇಕ್ ಲೈಟ್ ಒಟ್ಟಿಗೆ ಹೋದರೆ ಬಲ್ಬ್ ಬಿಚ್ಚಬೇಡಿ, ಫ್ಯೂಸ್ ನೋಡಿ, ಆಮೇಲೆ ಪೆಡಲಿನ ಮೇಲ್ಭಾಗದ ಸ್ವಿಚ್ಚು. ಬ್ರೇಕ್ ಲೈಟ್ ಆರುವುದೇ ಇಲ್ಲ, ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ ಎಂದರೆ ಆ ಸ್ವಿಚ್ಚನ್ನು ಒತ್ತಿ ಹಿಡಿಯುವ ಪ್ಲಾಸ್ಟಿಕ್ ಬುಷ್ ಪುಡಿಯಾಗಿ ಕಾಲಡಿ ಬಿದ್ದಿರುವುದುಂಟು. ಇಂಡಿಕೇಟರ್ ಒಂದು ಕಡೆ ಮಾತ್ರ ಬಡಬಡನೆ ಹೊಡೆದುಕೊಂಡರೆ ಆ ಕಡೆ ಒಂದು ಬಲ್ಬ್ ಹೋಗಿದೆ, ಇಲ್ಲವೇ ಎಲ್‌ಇಡಿ ಹಾಕಿಸಿದ್ದೀರಿ.

ಕೊಡಗಿನಲ್ಲಿ ಈ ದೋಷಗಳೆಲ್ಲ ಜೂನಿನಿಂದ ಸೆಪ್ಟೆಂಬರಿನೊಳಗೆ ಮೇಲೆದ್ದು ಬರುವುದು ಸಹಜ. ಟೈಲ್ ಲ್ಯಾಂಪಿನ ಹಿಂದಿನ ಸ್ಪಂಜು ಗ್ಯಾಸ್ಕೆಟ್ ಒಣಗಿ ಚಪ್ಪಟೆಯಾಗಿದ್ದರೆ ನೀರು ನೇರ ಹೋಲ್ಡರಿಗೆ ಇಳಿಯುತ್ತದೆ, ಲ್ಯಾಂಪ್ ಹೇಗೂ ಬಿಚ್ಚಿರುವುದರಿಂದ ಅದನ್ನೂ ಬದಲಾಯಿಸಿಬಿಡಿ. ಹೆಡ್‌ಲೈಟಿನ ಹಿಂದಿನ ರಬ್ಬರ್ ಟೋಪಿ ಬಲ್ಬ್ ಬದಲಾಯಿಸುವಾಗ ಸರಿಯಾಗಿ ಕೂರದೆ ಉಳಿದಿದೆಯೇ ನೋಡಿ. ಬೆಳಿಗ್ಗೆ ಗಾಜಿನೊಳಗೆ ಸ್ವಲ್ಪ ಆವಿ ಕಂಡು, ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಮಾಯವಾದರೆ ತೊಂದರೆಯಿಲ್ಲ. ತಳದಲ್ಲಿ ನೀರು ನಿಂತಿದ್ದರೆ ಸೀಲು ಹೋಗಿದೆ. ತೋಟದ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಗೆ ಇಲಿಯ ಕಾಟ ಬೇರೆ. ಬಾನೆಟ್ ಎತ್ತಿದಾಗ ಹಿಕ್ಕೆ ಅಥವಾ ಎಲೆಯ ಗೂಡು ಕಂಡರೆ ಹೆಡ್‌ಲೈಟಿನ ಹಿಂದಿನ ವೈರ್ ಕಟ್ಟನ್ನು ಕೈಯಲ್ಲಿ ಸವರಿ ಪರೀಕ್ಷಿಸಿ.

ಹೆಡ್‌ಲೈಟ್ ಬಿಚ್ಚಿ ಕೂರಿಸಿದ ಮೇಲೆ ಅದರ ನೋಟವನ್ನು ಸರಿಮಾಡಿಕೊಳ್ಳಿ. ಸಮತಟ್ಟಾದ ಕಾಫಿ ಕಣ ಸಿಕ್ಕರೆ ಒಳ್ಳೆಯದು. ಗೋಡೆಗೆ 5 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ, ಲ್ಯಾಂಪಿನ ನಡುಭಾಗದ ಎತ್ತರಕ್ಕೆ ಗೋಡೆಯಲ್ಲಿ ಗುರುತು ಹಾಕಿ. ಲೋ ಬೀಮಿನ ಮೇಲಂಚು ಆ ಗುರುತಿಗಿಂತ 5ರಿಂದ 7 ಸೆಂಟಿಮೀಟರ್ ಕೆಳಗಿರಬೇಕು. ಡ್ಯಾಶ್‌ಬೋರ್ಡಿನಲ್ಲಿ ಬೀಮ್ ಇಳಿಸುವ ಗಾಲಿ ಇದ್ದರೆ ಇದನ್ನೆಲ್ಲ 0ಗೆ ಇಟ್ಟು ಮಾಡಿ, ಡಿಕ್ಕಿಯಲ್ಲಿ ಕಾಫಿ ಮೂಟೆ ಹೇರಿದ ದಿನ ಹಿಂಭಾಗ ತಗ್ಗಿ ಬೀಮ್ ಮೇಲೇಳುತ್ತದೆ, ಆಗ ಗಾಲಿಯನ್ನು 2ಕ್ಕೋ 3ಕ್ಕೋ ತಿರುಗಿಸಿ.